ಮುಕಾದಮನ ಮನೆಯ ಉಪ್ಪು

"ಇವತ್ತ ನನ್ನ ಕೈಲೆ ಆಗೂದಿಲ್ಲ" ಎಂದು ಭುವನೇಶ್ವರಿ ಅಂದದ್ದು ಬೆಳಗಿನ ಚಹಾದ ಹೊತ್ತಿಗೆ. ಲಗ್ನವಾಗಿ ಆಂಟಾಪ್ ಹಿಲ್‌ನ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಗಂಡ ಗುರುಪಾದನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಆಮೇಲೆ ಎದ್ದು ಒಳಗೆ ಬಂದು, ಕೈಗೆ ಸಿಕ್ಕ ಹಿತ್ತಾಳೆ ಸೌಟಿನಿಂದ ಅವಳ ಬಲಗೈ ಮಣಿಕಟ್ಟಿಗೆ ಬಾರಿಸಿದ. ಒಂದಕ್ಕೇ ನಿಲ್ಲಿಸಲಿಲ್ಲ. "ಈಗ ಆಗತೈತೇನ?" ಎಂದು ಕೇಳಿದ. ಆಯಿತು. ಆಗದೆ ಎಲ್ಲಿಗೆ ಹೋದೀತು? ಊದಿದ ಕೈಯಲ್ಲೇ ರೊಟ್ಟಿ ಬಡಿದು ಇಪ್ಪತ್ತು ಡಬ್ಬಿ ತುಂಬಿ ಕಳಿಸಿದಳು.

ಇಪ್ಪತ್ತು ಡಬ್ಬಿ ಗುರುಪಾದನ ಆಳುಗಳಿಗೆ. ಗುರುಪಾದ ಮುಕಾದಮ. ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಂದ ಗಟ್ಟಿಮುಟ್ಟಾದವರನ್ನು ಆರಿಸಿ ತಂದು ಕುರ್ಲಾದ ಬಿಲ್ಡಿಂಗ್ ಕೆಲಸಕ್ಕೆ ಹಚ್ಚುವವನು. ಬೇರೆ ಮುಕಾದಮರು ಆಳುಗಳನ್ನು ಸೈಟಿನ ಮೂಲೆಯಲ್ಲಿ ಬಿಟ್ಟು, ಬೇಯಿಸಿಕೊಂಡಾದರೂ ತಿನ್ನಲಿ, ವಡಾಪಾವ್ ಆದರೂ ತಿನ್ನಲಿ ಎಂದು ಕೈ ತೊಳೆದುಕೊಳ್ಳುತ್ತಾರೆ. ಗುರುಪಾದ ಹಾಗಲ್ಲ. ಅವನ ಆಳುಗಳಿಗೆ ಎರಡೂ ಹೊತ್ತು ಅವನ ಮನೆಯ ಬಿಸಿ ರೊಟ್ಟಿ, ಅವನ ಹೆಂಡತಿಯ ಕೈಯ ಪಲ್ಯ. ಮದುವೆಯಾದ ಹೊಸತರಲ್ಲಿ ಭುವನೇಶ್ವರಿ ಇದನ್ನು ಕಂಡು ತನ್ನ ಗಂಡನದು ಎಷ್ಟು ದೊಡ್ಡ ಮನಸ್ಸು ಎಂದು ಹಿಗ್ಗಿದ್ದಳು, ಪಾಪ.

ಆ ಹಿಗ್ಗು ಪೂರ್ತಿ ಇಳಿದದ್ದು ಹೋದ ವಾರ. ಸೆಂಟ್ರಿಂಗ್ ಕೆಲಸದ ಪರಪ್ಪ, ಹೆಂಡತಿಯ ಹೆರಿಗೆಗೆ ಊರಿಗೆ ಹೋಗುತ್ತೇನೆಂದು ರಜೆ ಕೇಳಿದ್ದ. ಗುರುಪಾದ ಇಲ್ಲ ಅಂದ. ಪರಪ್ಪ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ. ಗುರುಪಾದ ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕೆ ಎತ್ತಿ ಅವನ ಮುಖಕ್ಕೆ ಬೀಸಿದ. ಎಡಗಣ್ಣು ಒಡೆದೇ ಹೋಯಿತು. ಆಸ್ಪತ್ರೆಯಲ್ಲಿ 'ಮೇಲಿಂದ ಬಿದ್ದ' ಎಂದು ಬರೆಸಿ ಬಂದು, ಸಂಜೆ ಬಾಟಲಿ ಇಟ್ಟುಕೊಂಡು ಕೂತು ತಾಯಿ ಕಸ್ತೂರಿಬಾಯಿಯ ಮುಂದೆ ಜಂಬ ಕೊಚ್ಚಿದ.

"ಅಷ್ಟೂ ಮಂದಿ ನಿಂತ ನೋಡಿದ್ರು ಬೇ. ಒಬ್ಬನ ಕೈ ಏಳಲಿಲ್ಲ. ಆ ಪರ್ಯಾನೂ ಎತ್ತಲಿಲ್ಲ. ಹೆಂಗ ಎತ್ತತಾವ? ಎರಡ ಹೊತ್ತ ನನ್ನ ಮನಿ ಉಪ್ಪ ಉಣ್ಣತಾವ. ಸುಮ್ಮ ಹಾಕತೀನೇನ ನಾ ಇವಕ್ಕ?"

ಒಂದು ಮನೆಯ ಉಪ್ಪು ಉಂಡವನು ಆ ಮನೆಯವರ ಮೇಲೆ ಕೈ ಎತ್ತಬಾರದು. ಸಿಂದಗಿ, ಇಂಡಿ ಕಡೆಯ ಮಂದಿ ಎಷ್ಟೇ ಒರಟರಿರಲಿ, ಕುಡಿದು ಗಟಾರದ ಪಕ್ಕ ಹೊರಳಾಡುವವರಿರಲಿ, ಇದೊಂದನ್ನು ಮೀರುವುದಿಲ್ಲ. ಮೀರಿದವನಿಗೆ ಊರಲ್ಲಿ ಯಾರೂ ಬೀಡಿಗೆ ಬೆಂಕಿ ಕೂಡ ಕೊಡುವುದಿಲ್ಲ. ಗುರುಪಾದನ ದೊಡ್ಡ ಮನಸ್ಸಿನ ಗುಟ್ಟು ಇದು.

ರೊಟ್ಟಿ ನೀಡಲು ಬಂದಿದ್ದ ಭುವನೇಶ್ವರಿ ಅದನ್ನು ಕೇಳಿ ನಿಂತಲ್ಲೇ ನಿಂತಳು. ಆ ಗಂಡಸರ ಕೈಗಳನ್ನು ಕಟ್ಟಿಹಾಕಿದ ಹಗ್ಗವನ್ನು ಹನ್ನೊಂದು ವರ್ಷ ತಾನೇ ಕೂತು ಹೊಸೆದಿದ್ದೆ ಅನ್ನಿಸಿ ಮೈಯೆಲ್ಲ ಉರಿಯಿತು. ಅಂದಿನಿಂದ ಹಿಟ್ಟಿನ ಡಬ್ಬಿ ಕಂಡರೆ ಮುಖ ತಿರುಗಿಸುವಳು. ಬೆಳಿಗ್ಗೆ ಕಣ್ಣು ಬಿಡುವಾಗಲೇ ದಣಿವು. ಒಲೆಯ ಮುಂದೆ ನಿಂತರೆ ಯಾಕೆ ನಿಂತಿದ್ದೇನೆಂದೇ ಮರೆತುಹೋಗುವುದು. ಅತ್ತೆಗೆ ಹೇಳಿದರೆ, "ಎಲ್ಲಾರೂ ಮಾಡತಾರ, ನೀ ಏನ ಮ್ಯಾಲಿಂದ ಇಳದ ಬಂದಿ?" ಎಂದು ಅವಳ ಬಾಯಿ ಮುಚ್ಚಿಸಿದಳು.

ಹಾಗಾಗಿ ಅವತ್ತು ಮಧ್ಯಾಹ್ನ, ಡಬ್ಬಿಗಳು ಹೋದ ಮೇಲೆ, ಭುವನೇಶ್ವರಿ ಒಂದು ತುತ್ತೂ ಉಣ್ಣದೆ ಅಡುಗೆಮನೆಯ ಬರಿ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದಳು. ರವಿವಾರ. ಪಕ್ಕದ ಮನೆಯ ಟೀವಿ ಗದ್ದಲ ಗೋಡೆ ತೂರಿ ಬರುತ್ತಿತ್ತು. ಗ್ಯಾಲರಿಯಲ್ಲಿ ನಿಂತು ಗುಟ್ಕಾ ಉಗುಳುತ್ತಿದ್ದ ಗುರುಪಾದ ಇದ್ದಕ್ಕಿದ್ದಂತೆ ಒಳಗೆ ಓಡಿ ಬಂದ.

"ಅವ್ವಾ, ಪರ್ಯಾ ಬಂದಾನ! ಕೂಡ ಅವನ ಅಣ್ಣ ಅದಾನ, ಮರೆಪ್ಪ. ಇನ್ನೊಬ್ಬನೂ ಅದಾನ. ಜಿನಾದ ಮೆಟ್ಟಲಾ ಹತ್ತಾಕತ್ತಾರ."

ಮರೆಪ್ಪನ ಹೆಸರು ಕೇಳಿ ಕಸ್ತೂರಿಬಾಯಿಯ ಮುಖ ಬಿಳಿಚಿತು. ಊರಲ್ಲಿ ಕೊಂಬು ಹಿಡಿದು ಹೋರಿಯನ್ನೇ ಮಣಿಸುವ ಆಳು ಅವನು. ಈ ಮನೆಯ ಒಂದು ಗುಟುಕು ನೀರೂ ಕುಡಿದವನಲ್ಲ.

"ಬಾಗಲಾ ತಗೀಬ್ಯಾಡ ಬೇ."

"ತಗೀಲಿಲ್ಲಂದ್ರ ಮುರದ ಬರ್ತಾರ. ನೀ ಅಟ್ಟಾ ಹತ್ತು, ಹತ್ತ ಲಗೂ!"

ಇಪ್ಪತ್ತು ಆಳುಗಳನ್ನು ನಡುಗಿಸುವ ಮುಕಾದಮ ಅಡುಗೆಕಟ್ಟೆಯ ಮೇಲೆ ಕಾಲಿಟ್ಟು, ಒಲೆಯ ಮೇಲಿನ ಅಟ್ಟಕ್ಕೆ ತೆವಳಿ, ಟ್ರಂಕುಗಳ ಹಿಂದೆ ಮುದುಡಿಕೊಂಡ. ಕಸ್ತೂರಿಬಾಯಿ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳ ಭುವನಾ. ರೊಟ್ಟಿ ಬಡಿ. ಅವ್ರ ಹೊಟ್ಯಾಗ ನಮ್ಮ ಮನಿ ಉಪ್ಪ ಬಿತ್ತಂದ್ರ ಗುರುಪಾದ ಉಳದ. ಇಲ್ಲಂದ್ರ ಇವತ್ತ ಅವನ್ನ ಬಿಡೂದಿಲ್ಲ ಅವ್ರು."

"ಅತ್ತಿ, ಕೈ ನೋಡ್ರಿ ಹೆಂಗಾಗೇತಿ."

"ಕೈ ಆಮ್ಯಾಲೆ ನೋಡೂಣು. ಮದ್ಲ ಕುಂಕುಮ ನೋಡ್ಕೋ."

ಬಾಗಿಲು ಬಡಿಯುವ ಸದ್ದಾಯಿತು. ಭುವನೇಶ್ವರಿ ಕಪಾಟು ತೆಗೆದು ನೋಡಿದಳು. ಬೆಳಗಿನ ಡಬ್ಬಿಗಳು ಮನೆಯನ್ನು ಗುಡಿಸಿಕೊಂಡು ಹೋಗಿದ್ದವು. ಶೇಂಗಾ ಚಟ್ನಿಯ ಬರಣಿ ಖಾಲಿ, ಉಪ್ಪಿನಕಾಯಿಯ ತಳದಲ್ಲಿ ಎಣ್ಣೆಯಷ್ಟೇ. ಉಳಿದದ್ದು ಜೋಳದ ಹಿಟ್ಟು, ಕಡಲೆ ಹಿಟ್ಟು, ಒಂದಿಷ್ಟು ಈರುಳ್ಳಿ, ಹಸಿಮೆಣಸಿನಕಾಯಿ. ಕಡಲೆ ಹಿಟ್ಟಿನ ಪಲ್ಯ ಝುಣಕವೇ ಗತಿ ಎಂದುಕೊಂಡು ಎಸರಿಗಿಟ್ಟಳು.

ಹೊರಗಿನ ಕೋಣೆಯಲ್ಲಿ ಮರೆಪ್ಪನ ದನಿ ಕೇಳಿಸಿತು. ಕೂಗಾಟವಿಲ್ಲ, ಮೆಲ್ಲಗಿತ್ತು.

"ಎಲ್ಲಿ ಅದಾನ?"

"ಸೈಟಿಗೆ ಹೋಗ್ಯಾನಪ್ಪ."

"ಗಾಡಿ ಕೆಳಗ ಐತಲ್ಲ?"

"ಲೋಕಲ್ ಹಿಡದ ಹೋಗ್ಯಾನ. ಬಂದ ಬಿಡತಾನ. ನೀರ ಕುಡೀರಿ."

"ನೀರ ಬ್ಯಾಡ. ಬರೂತನ ಕುಂದರ್ತೀವಿ."

ಅಡುಗೆಮನೆಯ ಬಾಗಿಲಿನ ಪರದೆಯ ಸಂದಿಯಿಂದ ಭುವನೇಶ್ವರಿಗೆ ಅವರು ಕಾಣುತ್ತಿದ್ದರು. ಮರೆಪ್ಪ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದ. ಅವನ ಹೆಂಡತಿಯ ತಮ್ಮ ಶ್ರೀಶೈಲ ಪೇಪರಿನಲ್ಲಿ ಸುತ್ತಿದ ಉದ್ದನೆಯದೇನನ್ನೋ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದು ಪೈಪು ಎಂದು ಹೇಳಿಕೊಡಬೇಕಾಗಿರಲಿಲ್ಲ. ಪರಪ್ಪ ಹೊಸ್ತಿಲ ಹೊರಗೇ ನಿಂತಿದ್ದ. ಅರ್ಧ ಮುಖಕ್ಕೆ ಬಿಳಿ ಪಟ್ಟಿ. ಪಟ್ಟಿಯಂಚಿನಲ್ಲಿ ಕೆನ್ನೆ ಕಪ್ಪಿಟ್ಟು ಹಳದಿಗೆ ತಿರುಗಿತ್ತು. ಅವನು ಅಲ್ಲಿಂದಲೇ ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ.

"ವೈನಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಾ ನಿಮ್ಮ ಉಪ್ಪ ಉಂಡೀನಿ. ನನ್ನ ಕೈ ಏಳೂದಿಲ್ಲ. ಅದಕ್ಕ ಅಣ್ಣನ್ನ ಕರಿಸೀನಿ."

ಕಣ್ಣು ಕಳೆದುಕೊಂಡವನು ಭುವನೇಶ್ವರಿಯ ಹತ್ತಿರ ಕ್ಷಮೆ ಕೇಳುತ್ತಿದ್ದ!

ಕಸ್ತೂರಿಬಾಯಿಗೆ ಇಂಥ ಹಳಹಳಿಕೆಗೆ ಪುರುಸೊತ್ತಿರಲಿಲ್ಲ. ಮುದುಕಿ ಮರೆಪ್ಪನ ಮುಂದೆ ಮಂಡಿಯೂರಿ, ಸೆರಗು ತೆಗೆದು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ಸೆರಗೊಡ್ಡಿ ಬೇಡತೀನಿ ಯಪ್ಪಾ. ನನ್ನ ಮನಿ ಬಾಗಿಲಿಗೆ ಬಂದವ್ರು ಹಸದ ಹೊಟ್ಟೀಲೆ ಕೂತಿದ್ದ ನಾ ನೋಡ್ಲಾರೆ. ಒಂದ ರೊಟ್ಟಿ ತಿನ್ರಿ. ಆಮ್ಯಾಲೆ ನಿಮ್ಮ ಮನಸ."

"ಮಾಂವಾ, ಬ್ಯಾಡ," ಎಂದು ಶ್ರೀಶೈಲ ಹಲ್ಲು ಕಡಿದ.

ಮರೆಪ್ಪ ಆ ಸೆರಗನ್ನೇ ನೋಡಿದ. ತಾಯಿಯ ವಯಸ್ಸಿನವಳು ಸೆರಗೊಡ್ಡಿದರೆ ಇಲ್ಲವೆನ್ನುವುದು ಹೇಗೆ? ಅದೂ ಆ ಕಡೆಯ ಒಂದು ಕಟ್ಟು, ಮತ್ತು ಕಸ್ತೂರಿಬಾಯಿಗೆ ಈ ಎಲ್ಲ ಕಟ್ಟುಗಳೂ ವಕೀಲನಿಗಿಂತ ಚೆನ್ನಾಗಿ ಗೊತ್ತು. ಕೊನೆಗೆ ಅವನು, "ಸೆರಗ ತಗಿಯವ್ವ. ನೀಡು," ಎಂದ. ಅನ್ನುವಾಗ ದವಡೆ ಬಿಗಿದಿತ್ತು.

ಒಳಗೆ ಭುವನೇಶ್ವರಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಅಂಗೈ ಹಿಟ್ಟಿಗೆ ಬಿದ್ದ ಪ್ರತಿ ಸಲವೂ ನೋವು ಮೊಳಕೈ ತನಕ ಏರಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಒಂದು ರೊಟ್ಟಿ ಹರಿಯಿತು. ಮತ್ತೆ ಮುದ್ದೆ ಮಾಡಿ ಬಡಿದಳು. ಹಂಚಿನ ಹೊಗೆ ಅಟ್ಟಕ್ಕೇರಿ ಗುರುಪಾದನಿಗೆ ಕೆಮ್ಮು ಬರುತ್ತಿತ್ತು. ಅವನು ಅಂಗಿಯನ್ನು ಬಾಯಿಗೆ ತುರುಕಿಕೊಂಡು ತಡೆದುಕೊಳ್ಳುತ್ತಿದ್ದ. ಇಷ್ಟಾದರೂ ನಾಲಿಗೆ ಸುಮ್ಮನಿರಲಿಲ್ಲ. ಟ್ರಂಕಿನ ಪಕ್ಕದಿಂದ ತಲೆ ಹಾಕಿ ಪಿಸುಗುಟ್ಟಿದ.

"ಲಗೂ ಮಾಡ. ಕೈಯಾಗ ಜೀವ ಇಲ್ಲೇನ? ಇವ್ರ ಹೋಗಲಿ, ಬೆಳಿಗ್ಗಿಂದು ಬಾಕಿ ಐತಿ ನಿಂದು. ಸೌಟ ಮುರೀತನ ಬಾರಸ್ತೀನಿ."

ಭುವನೇಶ್ವರಿ ತಲೆಯೆತ್ತಿ ನೋಡಿದಳು. ಹೆಂಡತಿಯ ಕೈಯ ಅಡುಗೆಯಿಂದ ಜೀವ ಉಳಿಯಬೇಕಾದವನು, ಉಳಿಯುವ ಮೊದಲೇ ಆ ಕೈ ಮುರಿಯುವ ಮಾತಾಡುತ್ತಿದ್ದ. ಅವಳು ಬೇಯುತ್ತಿದ್ದ ರೊಟ್ಟಿಯ ಮೇಲೆ ನೀರಿನ ಅರಿವೆ ಎಳೆದು ಮಗುಚಿ ಹಾಕಿದಳು.

ಕಸ್ತೂರಿಬಾಯಿ ಒಳಗೆ ಬಂದು ಎರಡು ತಾಟಿಗೆ ರೊಟ್ಟಿ, ಸೀಳಿದ ಈರುಳ್ಳಿ ಇಟ್ಟು, ಅಂಚಿಗೆ ಮರೆಯದೆ ಒಂದೊಂದು ಚಿಟಿಕೆ ಉಪ್ಪು ಇಟ್ಟಳು. ಬರೀ ಚಿಟಿಕೆಯಲ್ಲ, ಚೆನ್ನಾಗಿಯೇ ಇಟ್ಟಳು. ಪರಪ್ಪ ಹೊಸ್ತಿಲಾಚೆಯಿಂದಲೇ ಬೇಡವೆಂದು ಕೈಯಾಡಿಸಿದ್ದ. "ಝುಣಕ ತಗೊಂಬಾ," ಎಂದು ಸೊಸೆಗೆ ಹೇಳಿ ಅತ್ತೆ ತಾಟು ಒಯ್ದಳು.

ಆಗ ಭುವನೇಶ್ವರಿ ಪರದೆಯ ಸಂದಿಯಿಂದ ನೋಡಿದ್ದು ಇದು. ಮರೆಪ್ಪ ತಾಟನ್ನು ಹತ್ತಿರ ಎಳೆದುಕೊಂಡ. ತೋರುಬೆರಳಿನಿಂದ ಆ ಉಪ್ಪನ್ನು ಮೆಲ್ಲಗೆ ಅಂಚಿನಾಚೆ ನೂಕಿ ನೆಲಕ್ಕೆ ಚೆಲ್ಲಿದ. ಒಂದು ಹರಳೂ ಉಳಿಯದಂತೆ ಬೆರಳಿನಿಂದ ಒರೆಸಿದ. ಶ್ರೀಶೈಲನೂ ಹಾಗೆಯೇ ಮಾಡಿದ. ಕಸ್ತೂರಿಬಾಯಿ ಅದನ್ನು ಕಂಡೂ ಕಾಣದವಳಂತೆ ಸೆರಗಿನೊಳಗೆ ನಕ್ಕಳು. ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿಯಿಲ್ಲ, ಸರಿ. ಆದರೆ ಝುಣಕಕ್ಕೆ ಉಪ್ಪಿಲ್ಲದೆ ಇರುತ್ತದೆಯೆ? ಬರಿ ರೊಟ್ಟಿ ಎಷ್ಟು ಹೊತ್ತು ಅಗಿದಾರು?

ಸೆರಗಿಗೆ ಸೋತು ಕೂತವನು ಉಪ್ಪಿಗೆ ಸೋತಿಲ್ಲ ಎಂದು ಭುವನೇಶ್ವರಿಗೆ ತಿಳಿಯಿತು. ಒಲೆಯ ಮೇಲೆ ಒಗ್ಗರಣೆಯ ನೀರು ಕುದಿಯುತ್ತಿತ್ತು. ಅವಳು ಕಡಲೆ ಹಿಟ್ಟು ಸುರಿದು ತಿರುವಿದಳು. ಆಮೇಲೆ ಉಪ್ಪಿನ ಬರಣಿಯ ಮುಚ್ಚಳ ತೆಗೆದಳು.

ಮೇಲಿನಿಂದ ಗುರುಪಾದ ನೋಡುತ್ತಿದ್ದ. ಅದೂ ಅವಳಿಗೆ ಗೊತ್ತು.

ಬಲಗೈ ಬರಣಿಯೊಳಗೆ ಹೋಯಿತು. ಬೆರಳುಗಳಿಗೆ ಉಪ್ಪು ತಾಕಿತು. ಹಾಕಿದರೆ ಗಂಡ ಉಳಿಯುತ್ತಾನೆ, ನಾಳೆ ಸೌಟು ಹಿಡಿಯುತ್ತಾನೆ, ನಾಡಿದ್ದು ಇನ್ನೊಬ್ಬ ಪರಪ್ಪನ ಮುಖಕ್ಕೆ ಸಲಾಕೆ ಬೀಸುತ್ತಾನೆ, ಮತ್ತು ಮರೆಪ್ಪನೂ ಆ ಇಪ್ಪತ್ತು ಜನರಂತೆ ಕೈ ಕಟ್ಟಿಕೊಂಡು ಊರಿಗೆ ಹೋಗುತ್ತಾನೆ. ಹಾಕದಿದ್ದರೆ ಏನಾಗುತ್ತದೆಂದು ಯೋಚಿಸಲು ಅವಳಲ್ಲಿ ತ್ರಾಣವಿರಲಿಲ್ಲ. ದಣಿದಿದ್ದಳು. ಒಂದು ಮುಷ್ಟಿ ಉಪ್ಪನ್ನು ಎತ್ತುವಷ್ಟು ಕೂಡ ಕೈ ಇನ್ನು ಆ ಮನೆಗಾಗಿ ದುಡಿಯಲಾರದು ಅನ್ನಿಸಿತು. ಹಿಡಿದದ್ದನ್ನು ಬರಣಿಯೊಳಗೇ ಬಿಟ್ಟಳು. ಖಾಲಿ ಮುಷ್ಟಿಯನ್ನು ಬಿಗಿಹಿಡಿದು ಹೊರತೆಗೆದು, ಬೋಗುಣಿಯ ಮೇಲೆ ತಂದು, ಬೆರಳು ಬಿಚ್ಚಿ ಒದರಿದಳು. ಮೇಲಿನಿಂದ ನೋಡಿದವನಿಗೆ ತೃಪ್ತಿಯಾಗುವಷ್ಟು ಚೆನ್ನಾಗಿ ಒದರಿದಳು.

ಬಡಿಸುವ ಮೊದಲು ಅಡುಗೆಯ ರುಚಿ ನೋಡಿದರೆ ಎಂಜಲಾಗುತ್ತದೆ ಅನ್ನುವವಳು ಕಸ್ತೂರಿಬಾಯಿ. ಸೊಸೆಯ ಕೈಯಿಂದ ಬೋಗುಣಿ ಇಸಿದುಕೊಂಡು ಹೋಗಿ ತಾನೇ ಬಡಿಸಿದಳು, ಎರಡೆರಡು ಸಲ.

ಮರೆಪ್ಪ ರೊಟ್ಟಿ ಮುರಿದು ಝುಣಕಕ್ಕೆ ಹಚ್ಚಿ, ವಿಷ ನುಂಗುವವನ ಹಾಗೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಅಗಿಯುತ್ತಿದ್ದ ದವಡೆ ತಟ್ಟನೆ ನಿಂತಿತು. ಕಣ್ಣು ತೆರೆದು ಪರದೆಯ ಕಡೆ ನೋಡಿದ. ಸಂದಿಯಲ್ಲಿ ನಿಂತಿದ್ದ ಭುವನೇಶ್ವರಿ ಸರಿಯಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ. ಅವನು ಅವಳ ಊದಿದ ಕೈಯನ್ನು ನೋಡಿದ. ಮತ್ತೆ ಅಗಿಯತೊಡಗಿದ. ಶ್ರೀಶೈಲ ಏನೋ ಹೇಳಲು ಬಾಯಿ ತೆರೆದಾಗ, "ಸುಮ್ಮ ಉಣ್ಣಲೇ, ರುಚಿ ಐತಿ," ಎಂದು ಗದರಿದ. ಎರಡನೆಯ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡ.

ಕಸ್ತೂರಿಬಾಯಿಯ ಜೀವ ತಣ್ಣಗಾಯಿತು. ಎರಡು ರೊಟ್ಟಿ ಒಳಗೆ ಹೋದ ಮೇಲೆ ಇನ್ನೇನು ಹೆದರಿಕೆ? ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು. ಅವಳ ದನಿಯೇ ಬದಲಾಗಿತ್ತು.

"ಗುರುಪಾದಾ, ಇಳದ ಬಾ. ನಮ್ಮ ಉಪ್ಪ ಉಂಡಾರ. ಇನ್ನ ಯಾರ ಕೈ ಏಳತೈತಿ ನೋಡೂಣು."

ಅಟ್ಟದಿಂದ ಧೊಪ್ಪನೆ ಇಳಿದ ಗುರುಪಾದ ಅಂಗಿಯ ಧೂಳು ಕೊಡವುತ್ತ ಪರದೆ ಸರಿಸಿ ಹೊರಗೆ ಬಂದ. ಹಿಂದಿನಿಂದ ಭುವನೇಶ್ವರಿಯೂ ಬಂದು ಬಾಗಿಲಲ್ಲಿ ನಿಂತಳು. ಮುಕಾದಮನ ಗತ್ತು ಅಷ್ಟರಲ್ಲಿ ಪೂರ್ತಿ ಮರಳಿತ್ತು. ಹೊಸ್ತಿಲಾಚೆ ನಿಂತಿದ್ದವನನ್ನು ನೋಡಿ ನಕ್ಕ.

"ಏನ್ಲೇ ಒಕ್ಕಣ್ಣ, ಅಣ್ಣನ್ನ ಕರಕೊಂಬಂದೀ? ಉಂಡೀರಲ್ಲ, ಕೈ ತೊಳಕೊಂಡ ನಡೀರಿ. ನಾಳಿ ಕೆಲಸಕ್ಕ ಬರ್ಬ್ಯಾಡ ನೀ."

ಮರೆಪ್ಪ ಕೂತಲ್ಲಿಂದ ಏಳಲಿಲ್ಲ. ತಾಟಿನಲ್ಲಿ ಉಳಿದಿದ್ದ ರೊಟ್ಟಿಯ ಚೂರಿಗೆ ಝುಣಕ ಹಚ್ಚಿ ಅವನ ಕಡೆ ಚಾಚಿದ.

"ತಿನ್ನು."

"ನನಗ್ಯಾಕ?"

"ತಿಂದ ನೋಡು. ನಿನ್ನ ಮನೀದ ಐತಲ್ಲ."

ಗುರುಪಾದ ಉಡಾಫೆಯಿಂದ ಇಸಿದುಕೊಂಡು ಬಾಯಿಗೆಸೆದುಕೊಂಡ. ಅಗಿದ. ಇನ್ನೊಮ್ಮೆ ಅಗಿದ. ಅವನ ಮುಖದ ನಗು ತುಟಿಯಿಂದ ಶುರುವಾಗಿ ಒಂದೊಂದೇ ಕಡೆಯಿಂದ ಮಾಯವಾಯಿತು. ನುಂಗಲಾಗದೆ ಹೆಂಡತಿಯ ಕಡೆ ತಿರುಗಿದ.

"ಹಾಕಿದ್ಲು! ನಾ ಮ್ಯಾಲಿಂದ ನೋಡೀನಿ, ಮುಟಗಿ ತುಂಬ ಹಾಕಿದ್ಲು!"

ಶ್ರೀಶೈಲ ಎದ್ದು ಪರಪ್ಪನನ್ನು ಒಳಗೆಳೆದುಕೊಂಡು ಬಾಗಿಲಿಗೆ ಅಗಳಿ ಹಾಕಿದ.

ಮರೆಪ್ಪನ ಮೊದಲ ಏಟಿಗೆ ಪೈಪು ಬೇಕಾಗಲಿಲ್ಲ. ಸ್ಟೀಲಿನ ತಾಟನ್ನೇ ಎತ್ತಿ ಅಂಚಿನಿಂದ ಬಾಯಿಗೆ ಹೊಡೆದ. ತುಟಿ ಸೀಳಿ, ಹಲ್ಲು ಮುರಿದು, ಅಗಿದ ರೊಟ್ಟಿ ರಕ್ತದ ಜೊತೆ ನೆಲಕ್ಕೆ ಬಿತ್ತು. ಗುರುಪಾದ ಹಿಂದಕ್ಕೆ ಬಿದ್ದು ಎದ್ದು ಅಡುಗೆಮನೆಯ ಕಡೆ ಓಡಲು ನೋಡಿದ. ಶ್ರೀಶೈಲನ ಪೈಪು ಮೊಳಕಾಲ ಹಿಂದೆ ಬಿತ್ತು. ಕಸ್ತೂರಿಬಾಯಿ ಚೀರುತ್ತ ಮಗನ ಮೇಲೆ ಬಿದ್ದಳು. ಮರೆಪ್ಪ ಮುದುಕಿಯನ್ನು ಎರಡೂ ಕೈಯಿಂದ ಎತ್ತಿ, ಮೂಲೆಯಲ್ಲಿ ಕೂರಿಸಿ, "ನಿನ್ನ ಮುಟ್ಟೂದಿಲ್ಲವ್ವ, ಅಲ್ಲೇ ಕುಂದರು," ಎಂದ. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

"ಯಾವ ಕೈಲೆ ಹೊಡದಿದ್ದಿ ನನ್ನ ತಮ್ಮಗ?"

ಗುರುಪಾದ ಬಲಗೈಯನ್ನು ಹೊಟ್ಟೆಯಡಿ ಮುಚ್ಚಿಟ್ಟುಕೊಂಡ. ಅದೇ ಉತ್ತರವಾಯಿತು. ಮರೆಪ್ಪ ಆ ಕೈಯನ್ನು ಎಳೆದು ಅಡುಗೆಮನೆಯ ಹೊಸ್ತಿಲ ಕಲ್ಲಿನ ಮೇಲೆ, ಭುವನೇಶ್ವರಿಯ ಪಾದದ ಹತ್ತಿರವೇ, ಅಡ್ಡ ಇಟ್ಟು ಮೇಲೆ ಮೊಳಕಾಲೂರಿದ.

"ಭುವನಾ, ಹಿಡಿ ಇವನ್ನ! ಭುವನಾ, ನಿನ್ನ ಗಂಡ ಅದೀನಿ!"

ಭುವನೇಶ್ವರಿಗೆ ಕೇಳಿಸಿತು. ಕನಿಕರ ಬರಬಹುದೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ. ಪಾದವನ್ನು ಎರಡು ಬೆರಳು ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ.

ಪೈಪು ಮೂರು ಸಲ ಇಳಿಯಿತು. ಮೊದಲ ಏಟಿಗೆ ಮಣಿಕಟ್ಟು, ಎರಡನೆಯದಕ್ಕೆ ಬೆರಳುಗಳು, ಮೂರನೆಯದು ಎಲ್ಲಿ ಬಿತ್ತೆಂದು ಅವಳು ನೋಡಲಿಲ್ಲ. ಮೂಳೆ ಮುರಿದ ಸದ್ದು ಗುರುಪಾದನ ಕೂಗಿಗಿಂತ ಮೊದಲು ಕೇಳಿಸಿತು. ಆಮೇಲೆ ಅವನು ಕೂಗುವುದನ್ನೂ ಬಿಟ್ಟು ಮಗುವಿನಂತೆ ಉಸಿರೆಳೆದುಕೊಳ್ಳತೊಡಗಿದ. ಪರಪ್ಪ ಇಷ್ಟೂ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದ. ಉಂಡ ಉಪ್ಪಿಗೆ ಅವನು ನೋಡುವುದೂ ತಪ್ಪೆಂದು ತಿಳಿದಿದ್ದನೋ ಏನೋ.

"ಕಣ್ಣ ತಗೀತೀನಿ ಮಾಂವಾ," ಎಂದು ಶ್ರೀಶೈಲ ಗುರುಪಾದನ ಕೂದಲಿಗೆ ಕೈ ಹಾಕಿದ.

"ಬ್ಯಾಡೋ ಅಣ್ಣಾ, ಸಾಕ ಮಾಡ್ರಿ," ಎಂದು ಪರಪ್ಪ ಗೋಡೆಯ ಕಡೆಯಿಂದಲೇ ಅತ್ತ. ಮರೆಪ್ಪ ಎದ್ದು ನಿಂತ. ಏದುಸಿರು ಬಿಡುತ್ತಿದ್ದ. ಕೈಯ ರಕ್ತವನ್ನು ಧೋತರಕ್ಕೆ ಒರೆಸಿಕೊಂಡು, ಭುವನೇಶ್ವರಿಯ ಮುಂದೆ ತಲೆ ತಗ್ಗಿಸಿ, "ಬರ್ತೀವಿ ತಂಗಿ," ಎಂದ. ಮೂವರೂ ಮೆಟ್ಟಿಲು ಇಳಿದು ಹೋದರು.

ಆಮೇಲೆ ಬಿಲ್ಡಿಂಗಿಗೆ ಬಿಲ್ಡಿಂಗೇ ಬಾಗಿಲಿಗೆ ಬಂತು. ಯಾರೋ ಟ್ಯಾಕ್ಸಿ ತಂದರು, ಯಾರೋ ಗುರುಪಾದನ ಕೈಗೆ ಟವೆಲು ಸುತ್ತಿದರು. ಅವನನ್ನು ಎತ್ತಿಕೊಂಡು ಇಳಿಯುವಾಗ ಕಸ್ತೂರಿಬಾಯಿ ಒಮ್ಮೆ ತಿರುಗಿ ಬಂದು ಸೊಸೆಯ ಎರಡೂ ತೋಳು ಹಿಡಿದು ಅಲುಗಿಸಿದಳು.

"ಉಪ್ಪ ಹಾಕಿರಲಿಲ್ಲೇನ ನೀ? ಹೇಳ, ಹಾಕಿರಲಿಲ್ಲೇನ?"

"ಸಾಕಾಗಿತ್ತರಿ ಅತ್ತಿ. ಮರತೆ," ಎಂದಳು ಭುವನೇಶ್ವರಿ. "ಬೆಳಿಗ್ಗೆನ ಹೇಳಿದ್ನಲ್ಲ, ನನ್ನ ಕೈಲೆ ಆಗೂದಿಲ್ಲಂತ."

ಕಸ್ತೂರಿಬಾಯಿ ಸೊಸೆಯ ತೋಳು ಬಿಟ್ಟಳು. ಕೆಳಗೆ ಟ್ಯಾಕ್ಸಿಯವನು ಹಾರ್ನು ಹೊಡೆಯುತ್ತಿದ್ದ. ಅವಳು ಕಣ್ಣೊರೆಸಿಕೊಳ್ಳುತ್ತ ಇಳಿದುಹೋದಳು.

ಭುವನೇಶ್ವರಿ ಬಾಗಿಲು ಹಾಕಿದಳು. ಹೊಸ್ತಿಲಿಗೆ ನೀರು ಸುರಿದು ಒರೆಸಿದಳು. ಕಟ್ಟೆಯ ಮೇಲೆ ಸಂಜೆಯ ಪಾಳಿಯ ಇಪ್ಪತ್ತು ಖಾಲಿ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು. ಅವುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದಳು. ಸಿಲಿಂಡರಿನ ಕೀಲಿ ತಿರುಗಿಸಿ ಬಂದ್ ಮಾಡಿದಳು.

ಆಗ ಹಸಿವು ನೆನಪಾಯಿತು. ಬೆಳಗಿನಿಂದ ಬರಿ ಚಹಾ. ಒಂದು ರೊಟ್ಟಿ ಉಳಿದಿತ್ತು, ಬೋಗುಣಿಯ ತಳದಲ್ಲಿ ಸ್ವಲ್ಪ ಝುಣಕ. ಗೋಡೆಗೆ ಒರಗಿ ಕಾಲು ಚಾಚಿ ಕೂತು, ತಾಟಿಗೆ ಹಾಕಿಕೊಂಡು, ರೂಢಿಯಂತೆ ಉಪ್ಪಿನ ಬರಣಿಗೆ ಕೈ ಚಾಚಿದಳು. ಬರಣಿ ಮುಟ್ಟಿದ ಕೈ ಅಲ್ಲೇ ನಿಂತಿತು. ಹನ್ನೊಂದು ವರ್ಷ ತಾನೂ ಇದೇ ಮನೆಯ ಉಪ್ಪು ಉಂಡವಳಲ್ಲವೆ? ಸೌಟು ಇಳಿದಾಗಲೆಲ್ಲ ತನ್ನ ಕೈಯೂ ಎದ್ದಿರಲಿಲ್ಲ.

ಅವಳು ಬರಣಿಯನ್ನು ದೂರ ಸರಿಸಿದಳು. ಎಡಗೈಯಿಂದ ರೊಟ್ಟಿ ಮುರಿದು ಆ ಸಪ್ಪೆ ಝುಣಕಕ್ಕೆ ಹಚ್ಚಿ, ಗಡಿಬಿಡಿಯಿಲ್ಲದೆ, ಹೊಟ್ಟೆ ತುಂಬ ಉಂಡಳು.